ಮೇಸ್ತ್ರಿಯ ಕಾಲಿಗೆ ನಾನು ಕೊಟ್ಟ ಪಿಂಚಣಿ

ಬೆಳಗ್ಗೆ ಏಳು ಗಂಟೆಗೆ ಲಕ್ಕಣ್ಣ ಮೇಸ್ತ್ರಿ ತಮ್ಮ ಮೈಯ ಹಾಜರಿ ತೆಗೆಯುತ್ತಿದ್ದರು. ಜಗಲಿಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಎದುರಿಗೆ ಐವತ್ತು ಆಳುಗಳು ಸಾಲಾಗಿ ನಿಂತಿದ್ದಾರೆ ಎನ್ನುವ ಗತ್ತಿನಲ್ಲಿ ಒಂದೊಂದೇ ಹೆಸರು ಕೂಗುತ್ತಿದ್ದರು.

“ಬಲಗೈ?”

ಬಲಗೈಯನ್ನು ತಲೆಯ ಮೇಲಕ್ಕೆತ್ತಿ, ದನಿ ಬದಲಿಸಿ, ಉತ್ತರವನ್ನೂ ಅವರೇ ಕೊಡುತ್ತಿದ್ದರು. “ಬಂದಿವ್ನಿ ಮೇಸ್ತ್ರೀ.”

“ಎಡಗೈ?”

“ಬಂದಿವ್ನಿ.”

“ಬಲಮಂಡಿ?”

ಕಾಲು ಚಾಚಿ ಮಡಚುವಾಗ ಮಂಡಿ ಲಟಕ್ ಎನ್ನುತ್ತಿತ್ತು. “ಬಂದಿವ್ನಿ, ವಸಿ ತಡ ಆಯ್ತು.”

“ನಿನ್ನೇನೂ ತಡ, ಇವತ್ತೂ ತಡ. ನಾಳೆ ಅರ್ಧ ಹಾಜ್ರಿ ಹಾಕ್ತೀನಿ, ನೋಡ್ಕ.”

ಕುತ್ತಿಗೆ, ಹೆಗಲು, ಸೊಂಟ, ಹಿಮ್ಮಡಿ, ಎಲ್ಲವೂ ಹೀಗೆ ಹೆಸರು ಕೂಗಿಸಿಕೊಂಡು, ಅಲ್ಲಾಡಿ, ಉತ್ತರ ಕೊಡಬೇಕಿತ್ತು. ಹಟ ಮಾಡಿದ್ದಕ್ಕೆ ಬೈಗುಳ. ತೀರಾ ಮೊಂಡು ಬಿದ್ದರೆ ಬಿಸಿಲಿಗೆ ಕೂರಿಸಿ ಕೊಬ್ಬರಿ ಎಣ್ಣೆ ತಿಕ್ಕುವ ಶಿಕ್ಷೆ. ಹತ್ತು ನಿಮಿಷದಲ್ಲಿ ಎಲ್ಲವನ್ನೂ ಕೆಲಸಕ್ಕೆ ಅಟ್ಟಿ ಮೇಸ್ತ್ರಿ ಎದ್ದು ನಿಲ್ಲುತ್ತಿದ್ದರು. ನಾನು ಇದನ್ನು ಮೊದಲು ಕಂಡಾಗ ಅವರಿಗೆ ಎಪ್ಪತ್ತನಾಲ್ಕು ವರ್ಷ.

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತನಾಲ್ಕು ವರ್ಷ ನರ್ಸಾಗಿದ್ದವಳು. ಮೊದಲು ಆಲೂರು, ಆಮೇಲೆ ಸಕಲೇಶಪುರ. ನಿವೃತ್ತಿಯಾದ ಮೇಲೆ ಹೆಗ್ಗದ್ದೆಗೆ ಬಂದೆ. ಯಜಮಾನರು ಬಿಟ್ಟುಹೋದ ನಾಲ್ಕು ಎಕರೆ ಕಾಫಿ ತೋಟ ಅಲ್ಲಿದೆ, ನೋಡಿಕೊಳ್ಳಲು ನಾನೊಬ್ಬಳೇ. ಕೆಲಸ ಬಿಟ್ಟರೂ ವಾರ್ಡಿನ ಗಡಿಯಾರ ನನ್ನನ್ನು ಬಿಟ್ಟಿಲ್ಲ. ನಾಲ್ಕೂ ಮುಕ್ಕಾಲಿಗೆ ಏಳುತ್ತೇನೆ, ಆರೂ ಮುಕ್ಕಾಲಿಗೆ ನಡೆಯಲು ಹೊರಡುತ್ತೇನೆ, ಮೇಸ್ತ್ರಿಯ ಮನೆಯ ಕೆಳಗಿನ ರಸ್ತೆಗೆ ಏಳು ಗಂಟೆ ಎರಡು ನಿಮಿಷಕ್ಕೆ ತಲುಪುತ್ತೇನೆ. ಅವರ ಮನೆ ದಿಬ್ಬದ ಮೇಲೆ. ರಸ್ತೆಯಿಂದ ಅಲ್ಲಿಗೆ ಮಣ್ಣು ಕಡಿದು ಕಲ್ಲು ಕೂರಿಸಿದ ಇಪ್ಪತ್ತೆರಡು ಮೆಟ್ಟಿಲು.

ಮೊದಲ ದಿನ ಒಬ್ಬರೇ ಎರಡು ದನಿಯಲ್ಲಿ ಮಾತಾಡುವುದು ಕೇಳಿ, ವಯಸ್ಸಾದವರಿಗೆ ಬರುವ ಮರೆವಿನ ಕಾಯಿಲೆ ಇರಬೇಕು ಅಂದುಕೊಂಡೆ. ಮೆಟ್ಟಿಲು ಹತ್ತಿ ಹೋಗಿ, ಆಸ್ಪತ್ರೆಯಲ್ಲಿ ಕೇಳುವ ಹಾಗೆಯೇ ಕೇಳಿದೆ. “ಇವತ್ತು ಯಾವ ವಾರ, ಹೇಳಿ ನೋಡೋಣ?”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಸೋಮವಾರ. ಯಾಕೆ, ನಿಮ್ಗೆ ಮರ್ತೋಯ್ತಾ?”

ಒಳಗಿಂದ ಅವರ ಹೆಂಡತಿ ಪುಟ್ಟಮ್ಮ ನಕ್ಕದ್ದು ಕೇಳಿಸಿತು. ಅಲ್ಲಿಂದ ನಮ್ಮ ಸ್ನೇಹ. ಊರಿನವರಂತೆ ಅವರಿಬ್ಬರೂ ನನ್ನನ್ನು ಸಿಸ್ಟ್ರಮ್ಮ ಎಂದು ಕರೆದರು.

ಲಕ್ಕಣ್ಣನವರು ವನಗೂರು ಕಡೆಯ ಒಂದು ದೊಡ್ಡ ಎಸ್ಟೇಟಿನಲ್ಲಿ ಮೂವತ್ತು ವರ್ಷ ಮೇಸ್ತ್ರಿಯಾಗಿದ್ದರು. ದಿನಾ ಬೆಳಗ್ಗೆ ಆಳುಗಳನ್ನು ಅವರ ಲೈನು ಮನೆಗಳ ಮುಂದೆ ನಿಲ್ಲಿಸಿ ಹೆಸರು ಕೂಗುವುದು ಅವರ ಕೆಲಸ. ಜೊತೆಗೆ ಮರಗಸಿಯಲ್ಲಿ ಈ ಭಾಗದಲ್ಲೇ ಅವರಂಥವರು ಇರಲಿಲ್ಲ. ಮಳೆಗಾಲಕ್ಕೆ ಮುಂಚೆ ನೆರಳಿನ ಮರಗಳ ಕೊಂಬೆ ಇಳಿಸಿ ಕಾಫಿ ಗಿಡಕ್ಕೆ ಬೇಕಾದಷ್ಟೇ ಬೆಳಕು ಬಿಡುವುದಕ್ಕೆ ನಮ್ಮಲ್ಲಿ ಮರಗಸಿ ಎನ್ನುತ್ತಾರೆ. ಕಮ್ಮಿ ಕಡಿದರೆ ಗಿಡಕ್ಕೆ ಕೊಳೆರೋಗ, ಜಾಸ್ತಿ ಕಡಿದರೆ ಬಿಸಿಲಿಗೆ ಎಲೆ ಸುಡುತ್ತದೆ. ಉಳಿದವರು ಮರ ನೋಡಿ ಕೊಂಬೆ ಕಡಿಸುತ್ತಿದ್ದರು, ಮೇಸ್ತ್ರಿ ಮೊದಲು ನೆಲ ನೋಡುತ್ತಿದ್ದರು. “ಮಟಮಟ ಮಧ್ಯಾಹ್ನ ನೆಲದ ಮ್ಯಾಲೆ ಬಿಸ್ಲು ಅವಲಕ್ಕಿ ಚೆಲ್ಲಿದಂಗಿರಬೇಕು ಕಣ್ರೀ. ರೊಟ್ಟಿ ಹಾಸಿದಂಗಲ್ಲ.”

ಅರವತ್ತು ದಾಟಿದವರು ನಮ್ಮೂರಲ್ಲಿ ಯಾವ ಮಾತು ಶುರು ಮಾಡಿದರೂ ‘ವಯಸ್ಸಾಯ್ತಲ್ಲ’ ಎಂದೇ ಮುಗಿಸುತ್ತಾರೆ. ಮೇಸ್ತ್ರಿಯ ಜಗಲಿಯ ಮೇಲೆ ಮಾತ್ರ ಆ ಮಾತು ಆಡುವ ಹಾಗಿರಲಿಲ್ಲ. ಬಾಯಿ ತಪ್ಪಿ ಯಾರಾದರೂ ಅಂದರೆ ಅವರು ತುಟಿಗೆ ಬೆರಳಿಟ್ಟು ಪಿಸುಗುಡುತ್ತಿದ್ದರು. “ಮೆತ್ತಗ್ ಮಾತಾಡಿ ಮಾರಾಯ್ರಾ, ಮಂಡಿ ಕೇಳುಸ್ಕೊಂಡ್ಬುಡ್ತದೆ.” ನಾನು ಒಮ್ಮೆ ನಕ್ಕಾಗ ವಿವರಿಸಿದರು. “ಮೇಸ್ತ್ರಿ ಆದೋನು ಆಳ್ಗಳ ಮುಂದೆ ‘ಇವತ್ತು ಕೆಲ್ಸ ಅಷ್ಟೇನಿಲ್ಲ’ ಅಂದ್ನೋ, ಕೆಟ್ಟ. ಹೊತ್ತು ನೆತ್ತಿಗೆ ಬರೋಕ್ ಮುಂಚೇನೇ ಎಲ್ರೂ ಕುಂತ್ಬುಡ್ತಾರೆ. ಮೈಯ್ಯೂ ಹಂಗೇಯ.”

ಹಾಗಾದರೆ ಪುಟ್ಟಮ್ಮನನ್ನು ಏನು ಮಾಡುವುದು? ಆಕೆ ಐವತ್ತಕ್ಕೇ ತಾನು ಮುದುಕಿ ಎಂದು ಸಾರಿಕೊಂಡವರು. “ನಂಗಾಗಲ್ಲ ಕಣವ್ವ, ವಯಸ್ಸಾಯ್ತು” ಎನ್ನುತ್ತಲೇ ಸೌದೆ ಹೊರೆ ತಲೆಗೇರಿಸುವರು. “ಮೈಯಲ್ಲಿ ತ್ರಾಣಿಲ್ಲ” ಎನ್ನುತ್ತಲೇ ಹಸುವಿನ ಹಗ್ಗ ಹಿಡಿದು ಎಳೆಯುವರು. ಒಂದು ದಿನ ಮೇಸ್ತ್ರಿಯನ್ನು ಕೇಳಿಯೇಬಿಟ್ಟೆ. ನಿಮ್ಮ ಲೆಕ್ಕದ ಪ್ರಕಾರ ಪುಟ್ಟಮ್ಮ ಇಷ್ಟು ಹೊತ್ತಿಗೆ ಹಾಸಿಗೆ ಹಿಡಿದಿರಬೇಕಿತ್ತಲ್ಲ?

“ಅವ್ಳು ಹೇಳೋದು ಊರ್ಗೆ. ಮೈಗ್ ಹೇಳಲ್ಲ, ಬಾಳ ಜಾಣೆ” ಎಂದರು. ಒಳಗಿಂದ ಪಾತ್ರೆ ದಡ್ಡೆಂದು ಇಟ್ಟ ಸದ್ದು. “ಕೇಳುಸ್ಕೊಂಡ್ಲು” ಎಂದು ಕಣ್ಣು ಮಿಟುಕಿಸಿದರು.

ಇವರಿಬ್ಬರ ಜೊತೆ ಸಕಲೇಶಪುರದ ಸಂತೆಗೆ ಹೋಗಿ ಬಂದದ್ದು ನೆನಪಿದೆ. ಬರುವಾಗ ಬಸ್ಸು ತುಂಬಿತ್ತು. ಹಿರಿಯ ನಾಗರಿಕರು ಎಂದು ಬರೆದ ಸೀಟಿನಲ್ಲಿ ಇಬ್ಬರಿಗೆ ಜಾಗವಿತ್ತು. ಪುಟ್ಟಮ್ಮ ಹತ್ತಿದವರೇ ಅಲ್ಲಿ ಕೂತು ಚೀಲ ಮಡಿಲಿಗೆ ಇಟ್ಟುಕೊಂಡರು. ಮೇಸ್ತ್ರಿ ಕಂಬಿ ಹಿಡಿದು ನಿಂತರು.

“ಅಜ್ಜ, ಸೀಟೈತಲ್ಲ, ಕುಂತ್ಕಳಿ” ಎಂದ ಕಂಡಕ್ಟರ್.

“ಯಾರ ಸೀಟಪ್ಪ ಅದು?”

“ವಯಸ್ಸಾದೋರ್ದು.”

“ಬರ್ತಾರೆ ಬುಡು. ಅವ್ರಿಗಿರ್ಲಿ.”

ಬಸ್ಸೆಲ್ಲ ನಕ್ಕಿತು. ಪುಟ್ಟಮ್ಮ ಮಾತ್ರ ಕಿಟಕಿಯ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. “ಈವಯ್ಯ ಯಾರೋ ನಂಗೊತ್ತಿಲ್ಲ ಕಣಪ್ಪ. ಟಿಕೀಟು ಬ್ಯಾರೆ ಹರಿ.” ತಿರುವು ತಿರುವಿಗೂ ತೂಗಾಡುತ್ತ ಮೇಸ್ತ್ರಿ ಊರಿನವರೆಗೂ ನಿಂತೇ ಬಂದರು. ಇಳಿಯುವಾಗ ಅವರ ಕಾಲು ನಡುಗುತ್ತಿದ್ದದ್ದನ್ನು ನಾನು ಕಂಡೆ. ಪುಟ್ಟಮ್ಮನೂ ಕಂಡಿರಬೇಕು. ತಮ್ಮ ಚೀಲವನ್ನು ಅವರ ಕೈಗೆ ಕೊಡದೆ ತಾವೇ ಹೊತ್ತು ಮುಂದೆ ನಡೆದರು.

ನಮ್ಮ ತೋಟದ ಮರಗಸಿಯನ್ನು ನಾನು ಅವರಿಗೇ ವಹಿಸಿದ್ದೆ. ಮೊದಲ ವರ್ಷ ಅವರು ಏಣಿ ಮುಟ್ಟಿದ್ದೇ ತಡ, ಬಿಪಿ ನೋಡುವ ಯಂತ್ರ ತಂದು ತೋಳಿಗೆ ಸುತ್ತಿದೆ.

“ಎಷ್ಟೈತೆ?”

“ನೂರ ಮೂವತ್ತು, ಎಂಬತ್ತು.”

“ಪಾಸಾ, ಫೇಲಾ?”

“ಪಾಸು. ಆದರೆ ಮರ ಹತ್ತುವ ಹಾಗಿಲ್ಲ.”

“ಪಾಸಾದೋನ್ನೇ ಕ್ಲಾಸಿಂದ ಆಚೆ ಹಾಕ್ತೀರಲ್ಲ ಸಿಸ್ಟ್ರಮ್ಮ!”

ಅವರು ಮರ ಹತ್ತುವುದನ್ನು ಬಿಟ್ಟು ನಾಲ್ಕು ವರ್ಷವಾಗಿತ್ತೆಂದು ಆಮೇಲೆ ಗೊತ್ತಾಯಿತು. ನನ್ನನ್ನು ಕೆಣಕಲೆಂದೇ ಏಣಿ ಹಿಡಿದಿದ್ದರು. ಹತ್ತುವವನು ಮಂಜ ಎಂಬ ನಲವತ್ತರ ಆಳು, ಅವರ ಕೈಯಲ್ಲೇ ಪಳಗಿದವನು. ಮೇಸ್ತ್ರಿ ಕೆಳಗೆ ನಿಂತು, ಮರವನ್ನು ಸುತ್ತಿ ಸುತ್ತಿ ನೋಡಿ, ಬೆರಳು ತೋರಿಸುತ್ತಿದ್ದರು. ದಿನವಿಡೀ ಹಾಗೆ ಸುತ್ತುತ್ತಿದ್ದರು. ಅವರು ಎಷ್ಟು ನಡೆಯುತ್ತಾರೆಂದು ನಾನು ಒಂದು ದಿನವೂ ಯೋಚಿಸಲಿಲ್ಲ. ಮರದಿಂದ ದೂರ ಇದ್ದಾರಲ್ಲ, ಅಷ್ಟು ಸಾಕು ಎಂದುಕೊಂಡಿದ್ದೆ.

ಬಿದ್ದದ್ದು ಮರದಿಂದಲ್ಲ. ಅವರಿಗೆ ಎಪ್ಪತ್ತೊಂಬತ್ತು ನಡೆಯುತ್ತಿದ್ದಾಗ, ಕಾಫಿ ಕೊಯ್ಲು ಮುಗಿಯುವ ಹೊತ್ತಿನಲ್ಲಿ, ಬಚ್ಚಲ ಹೊಸ್ತಿಲಲ್ಲಿ ಜಾರಿದರು. ಸಕಲೇಶಪುರಕ್ಕೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದೆ. ಮೂಳೆ ಮುರಿದಿರಲಿಲ್ಲ. ನಾಲ್ಕೈದು ದಿನ ಮಲಗಿರಲಿ, ಆಮೇಲೆ ನಿಧಾನಕ್ಕೆ ನಡೆಸಿ ಎಂದರು ಡಾಕ್ಟರು. ಅದರ ಮೇಲೆ ನನ್ನದೂ ಒಂದಿಷ್ಟು ಸೇರಿಸಿದೆ. ಬಿದ್ದು ಸೊಂಟ ಮುರಿದುಕೊಂಡವರನ್ನು ನಾನು ಕಂಡಷ್ಟು ಈ ಊರಲ್ಲಿ ಯಾರೂ ಕಂಡಿಲ್ಲ. ಎರಡನೇ ಸಲ ಬಿದ್ದವರು ಮೇಲೆದ್ದದ್ದನ್ನು ನಾನು ಕಂಡದ್ದೂ ಕಮ್ಮಿ. ಆ ಹೆದರಿಕೆಯಲ್ಲಿ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ವೇಳಾಪಟ್ಟಿ ಬರೆದು ಅವರ ಮಂಚದ ಮೇಲಿನ ಗೋಡೆಗೆ ಅಂಟಿಸಿದೆ. ಆರಕ್ಕೆ ಬಿಸಿನೀರು, ಏಳಕ್ಕೆ ಗಂಜಿ, ಎಂಟಕ್ಕೆ ಮೈ ಒರೆಸುವುದು. ಮಲಮೂತ್ರಕ್ಕೂ ಮಂಚದ ಪಕ್ಕದಲ್ಲೇ ವ್ಯವಸ್ಥೆ. ರಾತ್ರಿ ಎಂಟರವರೆಗೂ ಒಂದು ಗಂಟೆ ಖಾಲಿ ಬಿಟ್ಟಿರಲಿಲ್ಲ. ಇಡೀ ಪಟ್ಟಿಯಲ್ಲಿ ಎದ್ದು ನಿಲ್ಲುವುದು ಎಂಬ ಒಂದು ಸಾಲು ಇರಲಿಲ್ಲ.

ಮೂರನೇ ಬೆಳಗ್ಗೆ ನಾನು ಹೋದಾಗ ಅವರು ಮಲಗಿದಲ್ಲೇ ಹಾಜರಿ ಶುರು ಮಾಡಿದ್ದರು. “ಬಲಮಂಡಿ?” ಎಂದು ಕೂಗಿ ಕಾಲನ್ನು ಮಂಚದಿಂದ ಇಳಿಸಲು ಹೊರಟಿದ್ದರು. ಬೈದರೆ ಕೇಳುವ ಆಸಾಮಿಯಲ್ಲ ಎಂದು ನನಗೆ ಗೊತ್ತಿತ್ತು. ಅವರ ಆಟವನ್ನೇ ನಾನೂ ಆಡಿದೆ.

“ಮೇಸ್ತ್ರಿ, ನಿಮ್ಮ ಎರಡೂ ಕಾಲಿಗೆ ಇವತ್ತಿಂದ ಪಿಂಚಣಿ ಕೊಟ್ಟಿದೀನಿ. ಸರ್ಕಾರ ನನಗೆ ಕೊಟ್ಟಿಲ್ವೆ, ಹಾಗೆ. ಅವುಗಳ ಹೆಸರು ಹೊಡೆದು ಹಾಕಿ. ಇನ್ನು ಕೆಲಸಕ್ಕೆ ಬರಬೇಕಾಗಿಲ್ಲ, ವಯಸ್ಸಾಯ್ತು ಅವಕ್ಕೆ.”

ಪುಟ್ಟಮ್ಮ ನಕ್ಕರು. ಮೇಸ್ತ್ರಿಯೂ ನಕ್ಕರು, ಸ್ವಲ್ಪ ತಡವಾಗಿ. ಆಮೇಲೆ ಇಳಿಸಿದ್ದ ಕಾಲನ್ನು ಕೈಯಿಂದ ಎತ್ತಿ ಮಂಚದ ಮೇಲಿಟ್ಟು ಕಂಬಳಿ ಹೊದಿಸಿದರು. “ಸಿಸ್ಟ್ರಮ್ಮ ಬರೆದ್ಮೇಲೆ ಬರೆದಂಗೆ” ಎಂದರು.

ಎಂಥ ಚೆನ್ನಾಗಿ ಹೇಳಿದೆ ಎಂದು ದಾರಿಯುದ್ದಕ್ಕೂ ಹಿಗ್ಗಿಕೊಂಡು ಮನೆಗೆ ಬಂದೆ.

ಮರುದಿನದಿಂದ ಏಳು ಗಂಟೆ ಎರಡು ನಿಮಿಷಕ್ಕೆ ಮೇಲಿನಿಂದ ಪುಟ್ಟಮ್ಮನ ಪೊರಕೆಯ ಸದ್ದೊಂದೇ ಕೇಳುತ್ತಿತ್ತು. ವಾರ್ಡಿನಲ್ಲಿ ಗಲಾಟೆ ಇಲ್ಲವೆಂದರೆ ಎಲ್ಲ ಸರಿಯಾಗಿದೆ ಎಂದರ್ಥ. ನಾನು ಹಾಗೆಯೇ ತಿಳಿದೆ. ಒಂದು ವಾರಕ್ಕೆಂದು ಬರೆದ ಪಟ್ಟಿ ಮೂರು ವಾರಕ್ಕೆ ಬೆಳೆಯಿತು. ಆಮೇಲೆ ನಾನು ಕಾಫಿ ಒಣಗಿಸಿ ಚೀಲ ತುಂಬಿಸುವ ಗಡಿಬಿಡಿಯಲ್ಲಿ ಬಿದ್ದೆ. ಅವರು ಏಳಲಾ ಎಂದು ಕೇಳಲಿಲ್ಲ, ನಾನು ಏಳಿ ಎಂದು ಹೇಳಲಿಲ್ಲ. ಏಳು ವಾರ ಕಳೆಯಿತು.

ಒಂದು ಮಧ್ಯಾಹ್ನ ಪುಟ್ಟಮ್ಮ ನಮ್ಮ ಮನೆಗೆ ಬಂದರು. ಎಂದೂ ಹೊಸ್ತಿಲ ಆಚೆಯಿಂದಲೇ ಕೂಗಿ ಮಾತಾಡುವವರು ಅವತ್ತು ಒಳಗೆ ಬಂದು ನೆಲದ ಮೇಲೆ ಕೂತರು. “ಸಿಸ್ಟ್ರಮ್ಮ, ಈವಯ್ಯನ ಕಾಲ್ ನೋಡ್ಬನ್ನಿ ವಸಿ. ನಂಗ್ಯಾಕೋ ಸರಿ ಕಾಣ್ತಿಲ್ಲ.”

ಕಂಬಳಿ ತೆಗೆದು ನೋಡಿದೆ. ಮೂವತ್ತು ವರ್ಷ ವನಗೂರಿನ ಏರು ತುಳಿದ ಕಾಲಿನ ಮೀನಖಂಡ ಕರಗಿ, ಸಿಪ್ಪೆ ಸುಲಿದ ಹಾಲುವಾಣ ಮರದ ಕಡ್ಡಿಯ ಹಾಗಾಗಿತ್ತು. ಟೇಪು ಹಿಡಿದು ಅಳೆಯುವ ಅಭ್ಯಾಸ ನನ್ನದು, ಅವತ್ತು ಅಳೆಯಲಿಲ್ಲ. ನಾನೂ ಪುಟ್ಟಮ್ಮನೂ ಎರಡು ಕಡೆ ಹಿಡಿದು ನಿಲ್ಲಿಸಿದೆವು. ಮಂಡಿಗಳು ಗಡಗಡ ನಡುಗಿದವು. ಅವರು ಮಂಚದ ಮೇಲೆ ಕುಸಿದು, ಸಮಾಧಾನವಾಗಿ, ನನ್ನನ್ನೇ ಸಂತೈಸುವವರ ಹಾಗೆ ಹೇಳಿದರು.

“ಬುಡಿ ಸಿಸ್ಟ್ರಮ್ಮ, ವಯಸ್ಸಾಯ್ತಲ್ಲ.”

ಐದು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ಪುಟ್ಟಮ್ಮ ಅವರ ಭುಜ ಹಿಡಿದು ಅಲ್ಲಾಡಿಸಿಬಿಟ್ಟರು. “ಅದು ನನ್ ಮಾತು ಕಣಯ್ಯ! ನೀನ್ಯಾಕ್ ಆಡ್ತೀಯ ಅದ್ನ? ನೀನ್ಯಾಕ್ ಆಡ್ತೀಯ?” ಎಂದು ಕೇಳುತ್ತ ಕೇಳುತ್ತ ಅತ್ತರು.

ಗೋಡೆಯ ಪಟ್ಟಿ ಹರಿದು ಹಾಕಿದೆ. ನನಗೆ ಬೇರೆ ದಾರಿ ಗೊತ್ತಿಲ್ಲದ್ದರಿಂದ ಅದೇ ಜಾಗದಲ್ಲಿ ಇನ್ನೊಂದು ಪಟ್ಟಿ ಅಂಟಿಸಿದೆ. ಕಾಲು ಎತ್ತುವುದು ಹತ್ತು ಸಲ, ಮಡಚುವುದು ಹತ್ತು ಸಲ, ಕುರ್ಚಿ ಹಿಡಿದು ಏಳುವುದು ಐದು ಸಲ. ಅವರು ಹೇಳಿದಷ್ಟು ಮಾಡುತ್ತಿದ್ದರು. ಹತ್ತು ಎಂದರೆ ಹತ್ತು. ಹನ್ನೊಂದನೆಯದು ಇಲ್ಲ, ಬೈಗುಳ ಇಲ್ಲ, ನಗು ಇಲ್ಲ. ಕಾಲಿಗೆ ಬಲ ಬರಲಿಲ್ಲ. ಒಂದು ದಿನ ನಾನೇ ನಗಿಸಲು ನೋಡಿದೆ.

“ಪಿಂಚಣಿ ವಾಪಸ್ ತಗೊಂಡಿದೀನಿ ಮೇಸ್ತ್ರಿ. ನಾಳೆಯಿಂದ ಎರಡೂ ಕಾಲು ಡ್ಯೂಟಿಗೆ ಬರಬೇಕು.”

ಅವರು ಮಂಡಿಯ ಮೇಲೆ ಕೈ ಇಟ್ಟುಕೊಂಡರು. “ಹೆಸ್ರು ಹೊಡೆದಾಕಿದ್ ಆಳ್ನ ವಾಪಸ್ ಕರ್ಕೊಂಡಿದ್ದು ನಮ್ ಎಸ್ಟೇಟಲ್ಲಿ ಇಲ್ಲ ಕಣ್ರೀ. ಪುಸ್ತಕದಾಗೆ ಹೊಡೆದಾಕೋರು ರೈಟರ್ರು, ಬಾಯಲ್ಲಿ ಹೇಳೋನು ನಾನು. ಆದ್ರೂ ಮಾರ್ನೇ ದಿನ ಬೆಳಗ್ಗೆ ಬಂದು ಸಾಲ್ನಾಗೆ ನಿಂತ್ಕಳೋರು. ಎಲ್ರ ಹೆಸ್ರೂ ಕೂಗಾದ್ಮೇಲೂ ನಿಂತೇ ಇರೋರು. ‘ನಿಂಗೆ ವಯಸ್ಸಾಯ್ತು ಮಾರಾಯ, ಮನೇಲಿರು’ ಅಂತಿದ್ದೆ. ಸುಮ್ಕೆ ಹೊಂಟೋಗೋರು. ಬಾಳ ದಿನ ಇರ್ತಿರ್ಲಿಲ್ಲ ಅವ್ರು.” ಆಮೇಲೆ ಸೇರಿಸಿದರು. “ಒಬ್ಬೊಬ್ರ ಮಖಾನೂ ಗೆಪ್ತಿ ಐತೆ ನಂಗೆ.”

ಜಗಲಿಯ ಮೇಲೆ ಆ ಮಾತಿಗೆ ಯಾಕೆ ಜಾಗವಿರಲಿಲ್ಲ ಎಂದು ನನಗೆ ಅವತ್ತು ಗೊತ್ತಾಯಿತು. ಅದನ್ನು ನಗೆಯ ಮಾತೆಂದು ತಿಳಿದು ಐದು ವರ್ಷ ನಕ್ಕಿದ್ದೆ.

ಮೇ ತಿಂಗಳು ಬಂತು. ಮರಗಸಿಗೆ ಮಂಜನನ್ನೂ ಇನ್ನಿಬ್ಬರನ್ನೂ ಕರೆಸಿದೆ. ಮೇಸ್ತ್ರಿ ಇಲ್ಲದ ಮೊದಲ ದಿನವೇ ಅವರು ಕೆಳಗಿನ ಅರ್ಧ ಎಕರೆಯನ್ನು ಬೋಳಿಸಿಟ್ಟರು. ಗಿಡಗಳ ಮೇಲೆ ಬಿಸಿಲು ಹಾಗೇ ಬೀಳುತ್ತಿತ್ತು. ಮುಂದಿನ ಸರದಿ ಮೇಲಿನ ತುಂಡಿನ ದೊಡ್ಡ ಬಸರಿ ಮರದ್ದು. ಒಂದು ಎಕರೆಯ ಕಾಲು ಭಾಗಕ್ಕೆ ಅದೊಂದರದ್ದೇ ನೆರಳು, ಅದನ್ನು ಕೆಡಿಸಿದರೆ ಮತ್ತೆ ಬೆಳೆಯಲು ವರ್ಷಗಳು ಬೇಕು. ನಾನು ಮೆಟ್ಟಿಲು ಹತ್ತಿ ಹೋಗಿ ಮೇಸ್ತ್ರಿಗೆ ಹಾಗೆಯೇ ಹೇಳಿದೆ. ಅವರನ್ನು ಗುಣಪಡಿಸುವ ಉಪಾಯವೇನೂ ಆಗಿರಲಿಲ್ಲ ಅದು. ನನಗೆ ಮರದ ಚಿಂತೆ.

“ಬೋಳುಸ್ಬುಟ್ನಾ?” ಎಂದು ಕೇಳಿದರು. “ಎಷ್ಟ್ ಅಗಲ?”

ಮಂಜನೂ ಇನ್ನೊಬ್ಬನೂ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ರಸ್ತೆಗೆ ಇಳಿಸಿದರು. ಅಲ್ಲಿಂದ ಜೀಪು, ಜೀಪಿನಿಂದ ಮತ್ತೆ ಕುರ್ಚಿ. ಹಿಂದೆ ಪುಟ್ಟಮ್ಮ. “ಮದ್ವೇಲೂ ಹಿಂಗ್ ಮೆರವಣಿಗೆ ಮಾಡ್ಲಿಲ್ಲ ಕಣ್ರಪ್ಪ ಈವಯ್ಯಂಗೆ.”

ಕೆಳಗಿನ ಅರ್ಧ ಎಕರೆ ದಾಟುವಾಗ ಮೇಸ್ತ್ರಿ ಕುರ್ಚಿ ನಿಲ್ಲಿಸಿದರು. “ಲೋ ಮಂಜ, ಯಾವ್ ಪುಣ್ಯಾತ್ಮ ಕಣೋ ಇದ್ನ ಕಡ್ದಿದ್ದು?”

“ನಾನೇಯ ಮೇಸ್ತ್ರಿ.”

“ಗೊತ್ತು ಕಣೋ. ನಿನ್ ಬಾಯಲ್ಲೇ ಕೇಳನಾ ಅಂತ.”

ಬಸರಿ ಮರದ ಕೆಳಗೆ ಕುರ್ಚಿ ಇಟ್ಟರು. ಮಂಜ ಹತ್ತಿದ. ಮೇಸ್ತ್ರಿ ನೆಲ ನೋಡಿದರು, ಆಮೇಲೆ ತಲೆ ಎತ್ತಿದರು. ಒಂದು ಕೊಂಬೆ ತೋರಿಸಿದರು, ಬಿತ್ತು. “ಕುರ್ಚಿ ವಸಿ ಈ ಕಡೀಕ್ ಇಡ್ರೋ.” ಇಟ್ಟರು. ಇನ್ನೊಂದು ಕೊಂಬೆ. “ಆ ಕಡೀಕೆ.” ಇಟ್ಟರು. ಕುಳಿತವರಿಗೆ ಮರದ ಆಚೆ ಬದಿ ಕಾಣುತ್ತಿರಲಿಲ್ಲ. ಮೇಲಿನಿಂದ ಮಂಜ “ಇದಾ ಮೇಸ್ತ್ರಿ, ಇದಾ?” ಎಂದು ಕತ್ತಿ ತಾಗಿಸಿ ಕೇಳುತ್ತಿದ್ದ. “ಅದಲ್ಲ ಕಣೋ! ಅದ್ರ ಹಿಂದುಗಡೇದು! ಲೋ, ಮುಟ್ಟಬ್ಯಾಡ, ಮುಟ್ಟಬ್ಯಾಡ ಅಂದೆ!” ಎಂದು ಕೂಗಿದವರು ಕುರ್ಚಿಯ ಕೈ ಒತ್ತಿ ಎದ್ದು ನಿಂತುಬಿಟ್ಟರು.

ನಾನು ಹಿಡಿಯಲು ಮುಂದೆ ನುಗ್ಗಿದೆ. ಪುಟ್ಟಮ್ಮ ನನ್ನ ಮಣಿಕಟ್ಟು ಹಿಡಿದರು. ಆ ಹಿಡಿತ ಈಗಲೂ ನೆನಪಿದೆ. “ಸುಮ್ಕಿರಿ” ಎಂದರು, ಉಸಿರಿನಲ್ಲಿ.

ಮೇಸ್ತ್ರಿ ಒಂದು ಕಾಫಿ ಗಿಡ ಹಿಡಿದರು. ಅದನ್ನು ಬಿಟ್ಟು ಮುಂದಿನದನ್ನು ಹಿಡಿದರು. ಕಣ್ಣು ಮೇಲೆ, ಕೊಂಬೆಯ ಮೇಲೆ. ಹನ್ನೊಂದು ಹೆಜ್ಜೆ. ಕಾಲು ನಡುಗುತ್ತಿತ್ತು, ಬೆನ್ನು ಬಾಗಿತ್ತು, ಒಂದು ಸಲ ವಾಲಿ ಗಿಡದ ಸಮೇತ ಬೀಳುವ ಹಾಗಾಯಿತು. ನನ್ನ ಕೈ ಪುಟ್ಟಮ್ಮನ ಕೈಯಲ್ಲೇ ಇತ್ತು. ಮರದ ಆಚೆ ಬದಿಗೆ ಹೋಗಿ ನಿಂತು, “ಹೂಂ, ಅದು. ಅದ್ನ ಇಳ್ಸು” ಎಂದರು.

ಕೊಂಬೆ ಬಿದ್ದ ಮೇಲೆ ಕೂರಲೆಂದು ಹಿಂದೆ ಕೈ ಚಾಚಿದರು. ಏನೂ ಸಿಗಲಿಲ್ಲ. ಸುತ್ತ ನೋಡಿ, ದೂರದಲ್ಲಿದ್ದ ಕುರ್ಚಿ ಕಂಡು ಸಿಟ್ಟಾದರು. “ಯಾರ್ಲಾ ಕುರ್ಚೀನ ಅಲ್ಲಿಟ್ಟೋರು?”

ಪುಟ್ಟಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಕುರ್ಚಿ ತರಲು ಹೋದರು.

ಅವರು ಮೊದಲಿನ ಹಾಗೆ ಆದರು ಎಂದು ಬರೆಯುವ ಆಸೆ ನನಗೂ ಇದೆ. ಆಗಲಿಲ್ಲ. ಆ ಮರಗಸಿಗೆ ಎಂಟು ದಿನ ಕುರ್ಚಿಯಲ್ಲಿ ಬಂದರು, ದಿನಕ್ಕೆ ಇಪ್ಪತ್ತು ಮೂವತ್ತು ಹೆಜ್ಜೆ ನಡೆದರು. ಮಳೆಗಾಲದಲ್ಲಿ ಜಗಲಿಯ ಈ ತುದಿಯಿಂದ ಆ ತುದಿಗೆ ಗೋಡೆ ಹಿಡಿದು ಓಡಾಡುವಷ್ಟಾದರು. ಹಾಜರಿ ಮತ್ತೆ ಕೇಳಿಸಿತು, ದನಿ ಸಣ್ಣದಾಗಿತ್ತು. ಮೆಟ್ಟಿಲು ಇಳಿಯಲಿಲ್ಲ. ಎಪ್ಪತ್ತೊಂಬತ್ತಲ್ಲವೇ, ಹೇಗೂ ಇಳಿಯುತ್ತಿತ್ತು ತ್ರಾಣ ಎಂದು ಡಾಕ್ಟರು ನನಗೆ ಸಮಾಧಾನ ಹೇಳಿದರು. ಇರಬಹುದು. ಆ ಏಳು ವಾರ ಇಲ್ಲದಿದ್ದರೆ ಎಷ್ಟು ಇಳಿಯುತ್ತಿತ್ತು ಎಂದು ಮಾತ್ರ ಯಾರೂ ಹೇಳಲಾರರು. ಒಮ್ಮೆ ತಪ್ಪಾಯಿತು ಎಂದು ಮೇಸ್ತ್ರಿಗೆ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. “ನೀವ್ ಕೊಟ್ರಿ. ಸರಿ. ನಾನ್ಯಾಕ್ ಇಸ್ಕಂಡೆ? ಅದ್ನ ಹೇಳಿ.”

ಕೊಯ್ಲು ಮತ್ತೆ ಬಂತು. ನನ್ನ ಬಲಗಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನಿಗೆಂದು ಹಾಸನಕ್ಕೆ ಹೋಗಿ ತಂಗಿಯ ಮನೆಯಲ್ಲಿ ಹತ್ತು ದಿನ ಇರುವುದೆಂದಾಯಿತು. ಹೊರಡುವ ಬೆಳಗ್ಗೆ ಹೇಳಿ ಬರಲು ಹೋದೆ. ಕಾಫಿ ಕುಡಿದೆವು. ನಾನು ಎದ್ದಾಗ ಮೇಸ್ತ್ರಿಯೂ ಎದ್ದರು.

“ನಡೀರಿ, ರಸ್ತೆಗಂಟ ಬತ್ತೀನಿ.”

ಪ್ರಯಾಣ ಹೊರಟವರನ್ನು ರಸ್ತೆಯವರೆಗೆ ಕಳಿಸಿಕೊಡುವುದು ನಮ್ಮ ಕಡೆಯ ಮರ್ಯಾದೆ. ಒಳಗಿಂದ ಪುಟ್ಟಮ್ಮ, “ವಯಸ್ಸಾಯ್ತು ಕಣಯ್ಯ, ಕುಂತ್ಕ” ಎಂದರು. ಅವರು ಎಂದಿನ ಹಾಗೆ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ನಾಲಿಗೆಯ ತುದಿಯಲ್ಲಿ ‘ಬೇಡ, ಕೂತಿರಿ’ ಬಂದು ನಿಂತಿತ್ತು. ಮೂವತ್ತನಾಲ್ಕು ವರ್ಷ ದಿನಕ್ಕೆ ನೂರು ಸಲ ಆಡಿದ ಮಾತು. ನುಂಗಿಕೊಂಡೆ.

“ಬನ್ನಿ” ಎಂದು ಮುಂದೆ ನಡೆದೆ.

ಇಳಿಯುವಾಗ ರೋಗಿಗಿಂತ ಕೆಳಗಿನ ಮೆಟ್ಟಿಲಲ್ಲಿ ಇರಬೇಕು. ನಾನು ಕೆಳಗೇ ಇದ್ದೇನಲ್ಲ ಎಂದು ಅಷ್ಟು ಮಟ್ಟಿಗೆ ಧೈರ್ಯ ತಂದುಕೊಂಡೆ. ತಿರುಗಿ ನೋಡಲಿಲ್ಲ. ನೋಡಿದರೆ ಕಾಯುತ್ತಿದ್ದೇನೆ ಎಂದು ಅವರಿಗೆ ಗೊತ್ತಾಗುತ್ತಿತ್ತು. ಹಿಂದಿನಿಂದ ಒಂದು ಹೆಜ್ಜೆ ಕೇಳಿಸಿತು, ಆಮೇಲೆ ಉಸಿರು, ಬಹಳ ಹೊತ್ತಿನ ಮೇಲೆ ಇನ್ನೊಂದು ಹೆಜ್ಜೆ. ನಡುವೆ ಎಲ್ಲೋ ಒಂದು ಕಲ್ಲು ಕಿತ್ತು ಉರುಳಿ ನನ್ನ ಕಾಲ ಪಕ್ಕದಿಂದ ರಸ್ತೆಗೆ ಬಿತ್ತು. ತಿರುಗಲಿಲ್ಲ. ಬಸ್ಸು ಎಂಟೂ ಇಪ್ಪತ್ತಕ್ಕೆ, ಗಡಿಯಾರವನ್ನೂ ನೋಡಲಿಲ್ಲ.

ರಸ್ತೆಯಲ್ಲಿ ನಾನು ನಿಂತಿದ್ದೆ. ಅವರು ಬಂದು ನನ್ನ ಪಕ್ಕ ನಿಂತರು. ಮುಖವೆಲ್ಲ ಬೆವರು. ಅಂಗೈಯಿಂದ ಒರೆಸಿಕೊಂಡರು.

“ಕಣ್ ಸರಿ ಮಾಡುಸ್ಕೊಂಡು ಬನ್ನಿ” ಎಂದರು ಕೊನೆಗೆ. “ಈಗ ಹೊಂಡಿ ನೀವು. ನಾನ್ ಹತ್ತೋದ್ ನೋಡ್ತಾ ನಿಂತ್ಕಬ್ಯಾಡಿ.”

ನಾನು ಹೊರಟೆ. ತಿರುವು ದಾಟುವವರೆಗೂ ಹಿಂದೆ ನೋಡಲಿಲ್ಲ. ನಾನು ಅವರನ್ನು ಕಂಡದ್ದು ಅದೇ ಕೊನೆ.

ಆರನೇ ದಿನ ಮಂಜ ಫೋನ್ ಮಾಡಿದ. ಊಟ ಮಾಡಿ ಮಲಗಿದವರು ಬೆಳಗ್ಗೆ ಎದ್ದಿರಲಿಲ್ಲ. ಹಿಂದಿನ ದಿನವಷ್ಟೇ ಆಪರೇಷನ್ ಆಗಿ ಕಣ್ಣಿಗೆ ಪಟ್ಟಿ ಕಟ್ಟಿದ್ದರಿಂದ ತಂಗಿ ನನ್ನನ್ನು ಕಳಿಸಲಿಲ್ಲ. ನಾನು ಊರಿಗೆ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಪುಟ್ಟಮ್ಮ ಜಗಲಿಯ ಮೇಲೆ ಕೂತಿದ್ದರು. ಅವರ ಪಕ್ಕ ಕೂತೆ. ಬೇರೆ ಏನು ಕೇಳಬೇಕೋ ತೋಚದೆ, ನನಗೆ ಬರುವ ಹಾಗೆ ಕೇಳಿದೆ. “ಅವತ್ತು ಮೇಲೆ ಹತ್ತುವುದಕ್ಕೆ ಎಷ್ಟು ಹೊತ್ತಾಯ್ತು?”

“ಮುಕ್ಕಾಲ್ ಗಂಟೆ ಆಯ್ತು ಕಣವ್ವ. ಎಲ್ಡ್ ಕಡೆ ಕುಂತ್ಕಂಡ. ಕೈ ಕೊಡಾಕ್ ಹೋದ್ರೆ ಬೈದ. ಮ್ಯಾಲ್ ಬಂದೋನು ಇಲ್ಲೇ ಕುಂತ್ಕಂಡು ಬಿಸ್ನೀರ್ ಕೇಳ್ದ.” ಪುಟ್ಟಮ್ಮ ಕಟ್ಟೆಯ ಅಂಚನ್ನು ಅಂಗೈಯಿಂದ ಸವರಿದರು. “ಕುಡ್ಕೊಂಡು ನಗ್ತಾನೆ. ‘ಸಿಸ್ಟ್ರಮ್ಮ ತಿರುಗ್ ನೋಡ್ಲೇ ಇಲ್ಲ ಕಣಮ್ಮಿ’ ಅಂದ. ಒಂದ್ ದಪ ಅಲ್ಲ, ಮಲಗೋಗಂಟ ಅದ್ನೇ ಹೇಳ್ದ. ಕಲ್ ಉರುಳ್ದಾಗ್ಲೂ ನೋಡ್ಲಿಲ್ಲ ಕಣಮ್ಮಿ, ಅಂತ.”

ಹೊರಡುವಾಗ ಅವರು ಏಳಲಿಲ್ಲ. ಮೆಟ್ಟಿಲು ಇಳಿದೆ. ರಸ್ತೆಗೆ ಬಂದು ನಿಂತಾಗ, ಈಗ ತಿರುಗಿ ನೋಡಬಹುದಲ್ಲ ಎನ್ನಿಸಿತು. ನೋಡಿದೆ. ಪೊರೆ ತೆಗೆದ ಕಣ್ಣಿಗೆ ಎಲ್ಲ ನಿಚ್ಚಳವಾಗಿ ಕಾಣುತ್ತಿತ್ತು. ಇಪ್ಪತ್ತೆರಡು ಮೆಟ್ಟಿಲು, ನಡುವೆ ಕಲ್ಲು ಕಿತ್ತುಹೋದ ಒಂದು ಗುಳಿ, ಮೇಲೆ ಅಂಗಳದ ಅಂಚು.